ಒಂದು ಸುಳ್ಳು ಸೂತಕ, ಒಂದು ಮೊಣಕೈ

ನಮ್ಮ ವ್ಯಾಯಾಮಶಾಲೆಯಲ್ಲಿ ‘ನೋವು’ ಎಂದು ಬಾಯಿಬಿಟ್ಟವನಿಗೆ ಮರುದಿನದಿಂದ ಒಂದೇ ಕೆಲಸ. ನೇತಾಡಿ ಕಸರತ್ತು ಮಾಡುವ ಸಿಂಗಲ್ ಬಾರಿನ ಕೆಳಗೆ ಹಾಸಿದ ಹೊಯಿಗೆಗೆ, ಎಂದರೆ ಮರಳಿಗೆ, ನೀರು ಚಿಮುಕಿಸುವುದು, ಧೂಳು ಏಳದ ಹಾಗೆ ನೋಡಿಕೊಳ್ಳುವುದು. ಬೈಗುಳ ಇಲ್ಲ, ಹೊಡೆತ ಇಲ್ಲ. ಮಾಸ್ಟ್ರು ಸುಮ್ಮನೆ ಕೈಗೆ ಚೆಂಬು ಕೊಡುತ್ತಿದ್ದರು. ಚೆಂಬು ಹಿಡಿದವನು ಮತ್ತೆ ಬಾರು ಹಿಡಿದದ್ದನ್ನು ನಾನು ನೋಡಿಲ್ಲ. ಆದ್ದರಿಂದ ನಮ್ಮಲ್ಲಿ ಯಾರಿಗೂ ನೋವಾಗುತ್ತಿರಲಿಲ್ಲ.

ಆಗುತ್ತಿದ್ದದ್ದು ಬೇರೆ. ಅಂಗೈಯ ಗುಳ್ಳೆ ಒಡೆದು ಚರ್ಮ ಸುಲಿಯುತ್ತಿತ್ತು, ಹೆಬ್ಬೆರಳು ತಿರುಚುತ್ತಿತ್ತು, ಪಾದ ಉಳುಕುತ್ತಿತ್ತು. ಒಬ್ಬನ ಭುಜದ ಕೀಲು ತಪ್ಪಿ, ಅವನೇ ಗೋಡೆಗೆ ಗುದ್ದಿ ಕೂರಿಸಿಕೊಂಡಿದ್ದ. ಇಪ್ಪತ್ತು ಹುಡುಗರಿದ್ದೆವು, ಹತ್ತರಿಂದ ಹದಿನಾರರ ಒಳಗಿನವರು. ಯಾವ ದಿನ ನೋಡಿದರೂ ಅದರಲ್ಲಿ ಹತ್ತು ಹನ್ನೆರಡು ಮಂದಿಗೆ ಎಲ್ಲೋ ಒಂದು ಕಡೆ ಬಾವು ಇದ್ದೇ ಇರುತ್ತಿತ್ತು. ಅರಸಿನ ಸುಣ್ಣ ಹಚ್ಚಿದರೆ ಕೆಂಪು ಬಣ್ಣ ಕಂಡು ಗುಟ್ಟು ರಟ್ಟಾಗುತ್ತದೆಂದು ನಾವು ಅದನ್ನು ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ ಉಪ್ಪಿನ ಗಂಟು ಬಿಸಿ ಮಾಡಿ ಶಾಖ ಕೊಟ್ಟುಕೊಳ್ಳುತ್ತಿದ್ದೆವು. ವ್ಯಾಯಾಮಶಾಲೆಯನ್ನು ನಾವು ಬರಿ ‘ಶಾಲೆ’ ಎನ್ನುತ್ತಿದ್ದೆವು; ಅದರ ಒಂದು ಮೂಲೆಯಲ್ಲಿ ಹನುಮಂತನ ಪಟವಿತ್ತು. ಒಳಗೆ ಬಂದವರು ಅಂಗೈ ನೆಲಕ್ಕೂರಿ ಹತ್ತು ದಂಡ ಹೊಡೆದು ಅವನಿಗೆ ನಮಸ್ಕರಿಸಬೇಕು. ಮಣಿಕಟ್ಟು ನೋಯುವವರು ದಂಡ ತಪ್ಪಿಸಲು ಉದ್ದಕ್ಕೆ ಸಾಷ್ಟಾಂಗ ಬೀಳುತ್ತಿದ್ದರು. ಪಂದ್ಯ ಹತ್ತಿರ ಬಂದಂತೆ ನಮ್ಮಲ್ಲಿ ಭಕ್ತಿ ಬಹಳ ಹೆಚ್ಚುತ್ತಿತ್ತು.

ಶಾಲೆ ಇದ್ದದ್ದು ಉರ್ವದ ಕಡೆಗೆ ಹೋಗುವ ದಾರಿಯಲ್ಲಿ, ಹಳೆಯ ಹೆಂಚಿನ ಛಾವಣಿಯ ಕೆಳಗೆ. ಮಾಸ್ಟ್ರು ಹಗಲಲ್ಲಿ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಅಲ್ಲಿಯ ಯಂತ್ರದಿಂದ ಕಳಚಿದ ಉಕ್ಕಿನ ಸರಳೊಂದನ್ನು ತಾವೇ ಹೊತ್ತು ತಂದು ಬಾರು ಮಾಡಿದ್ದರು. ಸಂಬಳವಿಲ್ಲದೆ ಕಲಿಸುತ್ತಿದ್ದರು. ಅವರು ನಮ್ಮವರೇ, ಎಂದರೆ ತುಳು ಮಾತಾಡುವ, ಗದ್ದೆ ಬಿಟ್ಟು ಪೇಟೆಗೆ ಬಂದ ನಮ್ಮಂಥದೇ ಮನೆಯವರು. ಮದುವೆಯಾಗಿರಲಿಲ್ಲ. ನಾವೇ ಅವರ ಮಕ್ಕಳು ಎಂದು ಊರಲ್ಲಿ ಹೇಳುತ್ತಿದ್ದರು, ಅದು ಸುಳ್ಳಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮುಂಚೆ ಊರಿನ ವ್ಯಾಯಾಮಶಾಲೆಗಳೆಲ್ಲ ಸೇರಿ ಒಂದು ಪಂದ್ಯ ಇಟ್ಟವು. ಒಂದೊಂದು ಕಸರತ್ತಿಗೆ ಪ್ರತಿ ಶಾಲೆಯಿಂದ ಒಬ್ಬನೇ ಹುಡುಗ, ಗೆದ್ದ ಶಾಲೆಗೆ ಬೆಳ್ಳಿ ತಗಡಿನ ಶೀಲ್ಡು. ಸಿಂಗಲ್ ಬಾರಿಗೆ ಮಾಸ್ಟ್ರು ನನ್ನನ್ನು ಆರಿಸಿದರು. ನನಗೆ ಹದಿನಾಲ್ಕು. ಕೈಗಳನ್ನು ನೀಟಾಗಿ ಚಾಚಿ ಬಾರಿನ ಸುತ್ತ ಇಡೀ ಮೈಯನ್ನು ಒಂದು ಪೂರ್ತಿ ಸುತ್ತು ತಿರುಗಿಸುವುದಿತ್ತು. ನಾವು ಅದಕ್ಕೆ ದೊಡ್ಡ ಸುತ್ತು ಎನ್ನುತ್ತಿದ್ದೆವು. ಊರಿನ ಹುಡುಗರಲ್ಲಿ ಅದು ಬರುತ್ತಿದ್ದದ್ದು ನಾಲ್ಕೈದು ಮಂದಿಗೆ. ನನಗೆ ಬರುತ್ತಿತ್ತು, ಮತ್ತು ಬರುತ್ತದೆಂಬ ಸೊಕ್ಕೂ ಇತ್ತು.

ಪಂದ್ಯಕ್ಕೆ ಇಪ್ಪತ್ತೆರಡು ದಿನ ಇರುವಾಗ ಇಳಿಯುವ ಹೊತ್ತಿಗೆ ಕಾಲು ಜಾರಿ ನಾನು ಎಡಗೈ ಊರಿದೆ. ಮಣಿಕಟ್ಟು ಬೆಂಕಿ ಇಟ್ಟ ಹಾಗಾಯಿತು. ಎದ್ದು ನಗುತ್ತಾ ಹೊಯಿಗೆ ಕೊಡವಿದೆ. ಮಾಸ್ಟ್ರು ನೋಡಲಿಲ್ಲ ಅಂದುಕೊಂಡೆ. ನೋಡಿದ್ದು ನನ್ನ ಗೆಳೆಯ, ಬಾರಿನ ಕೆಳಗೆ ನನ್ನನ್ನು ಹಿಡಿಯಲು ಯಾವಾಗಲೂ ನಿಲ್ಲುತ್ತಿದ್ದವನು.

ಅವನ ವಿಷಯ ಸ್ವಲ್ಪ ಹೇಳಬೇಕು. ಅವನು ನಮ್ಮ ಕೇರಿಯ ದೇವಸ್ಥಾನದ ಅರ್ಚಕರ ಹಿರಿಯ ಮಗ, ನನಗಿಂತ ಒಂದು ವರ್ಷ ಚಿಕ್ಕವನು. ತೆಳ್ಳಗೆ, ಉದ್ದ ಕೈ, ಕಿವಿಯಲ್ಲಿ ಚಿನ್ನದ ಒಂಟಿ. ಸೂರ್ಯನಮಸ್ಕಾರ ಕಲಿಯಲಿ ಎಂದು ಅವನ ಅಪ್ಪ ಕಳಿಸಿದ್ದರು; ಅವನು ಬಂದು ಬಾರಿಗೆ ನೇತುಬಿದ್ದಿದ್ದ. ದೊಡ್ಡ ಸುತ್ತು ಅವನಿಗೂ ಬರುತ್ತಿತ್ತು, ನನ್ನಷ್ಟು ಚಂದ ಅಲ್ಲ. ಹಾಗಾಗಿ ಯಾವಾಗಲೂ ಎರಡನೆಯವನು, ಯಾವಾಗಲೂ ಕೆಳಗೆ ನಿಲ್ಲುವವನು.

ಮರುದಿನ ಭಾನುವಾರ. ನಾವಿಬ್ಬರೂ ಯಾರಿಗೂ ಹೇಳದೆ ದೋಣಿಯಲ್ಲಿ ಹೊಳೆ ದಾಟಿ ಉಳ್ಳಾಲಕ್ಕೆ ಹೋದೆವು. ಅಲ್ಲಿ ಮೀನುಗಾರರ ಕೇರಿಯಲ್ಲಿ ಎಲುಬು ಕೂರಿಸುವ ಒಬ್ಬ ಅಜ್ಜ ಇದ್ದರು. ದೋಣಿ ಎಳೆಯುವಾಗ ಕೈಕಾಲು ಮುರಿದುಕೊಂಡವರೆಲ್ಲ ಅವರ ಜಗಲಿಗೇ ಬರುವುದು. ಅಜ್ಜ ನನ್ನ ಮಣಿಕಟ್ಟನ್ನು ಕಣ್ಣು ಮುಚ್ಚಿಕೊಂಡು ತಡವಿದರು.

“ಮುರಿದಿಲ್ಲ. ನರ ಎಳೆದದ್ದು. ಹತ್ತು ದಿನ ಈ ಕೈಗೆ ಭಾರ ಕೊಡ್ಬೇಡ” ಎಂದರು. ಎಣ್ಣೆ ಹಚ್ಚಿ ಬಟ್ಟೆ ಸುತ್ತಿದರು. ಆಮೇಲೆ ಗೆಳೆಯನ ಕಡೆಗೆ ತಿರುಗಿ, “ಇನ್ನು ನಿನ್ನದು ತೋರಿಸು” ಎಂದರು.

“ನನಗೆ ಎಂತ ಇಲ್ಲ ಅಜ್ಜ. ಇವನ ಒಟ್ಟಿಗೆ ಬಂದದ್ದು ನಾನು.”

“ಮತ್ತೆ ಬಲಗೈಯನ್ನು ಯಾಕೆ ಹೊಟ್ಟೆಗೆ ಒತ್ತಿ ಹಿಡ್ಕೊಂಡಿದ್ದಿ? ಬಂದಾಗಿನಿಂದ ನೋಡ್ತಾ ಇದ್ದೇನೆ.”

ನಾನು ಎರಡು ವರ್ಷದಿಂದ ದಿನಾ ಅವನ ಜೊತೆಗಿದ್ದವನು, ನನಗೆ ಅದು ಕಂಡಿರಲಿಲ್ಲ. ಅಜ್ಜ ಅವನ ಮೊಣಕೈಯನ್ನು ಮೆಲ್ಲಗೆ ಚಾಚಲು ನೋಡಿದರು. ಒಂದು ಮಟ್ಟಕ್ಕೆ ಬಂದು ಅದು ನಿಂತಿತು. ಅವನ ಹಣೆಯಲ್ಲಿ ಬೆವರು ಒಡೆಯಿತು, ಬಾಯಿಂದ ಸದ್ದು ಬರಲಿಲ್ಲ. ನಮ್ಮ ಶಾಲೆಯ ಹುಡುಗ ಎಂದು ಅಲ್ಲೇ ಗೊತ್ತಾಗುತ್ತಿತ್ತು.

“ಇದು ಉಳುಕು ಅಲ್ಲ ಮಗಾ,” ಎಂದರು ಅಜ್ಜ. “ಒಳಗೆ ಎಲುಬಿನ ಮೂಲೆ ಬಿಟ್ಟಿದೆ. ಒಂದು ತಿಂಗಳು ಕಟ್ಟಿ ಇಟ್ಟರೆ ಕೂರ್ತದೆ. ಇದರ ಮೇಲೆ ಇನ್ನೊಂದು ಎಳೆತ ಬಿದ್ದರೆ ಕೈ ಸೊಟ್ಟ ಆಗ್ತದೆ. ಆಮೇಲೆ ನನ್ನ ಹತ್ರ ಬಂದು ಪ್ರಯೋಜನ ಇಲ್ಲ.”

ವಾಪಸು ಬರುವಾಗ ದೋಣಿಯಲ್ಲಿ ಅವನು ಎಡಗೈಯನ್ನು ನೀರಿಗೆ ಇಳಿಬಿಟ್ಟು ಕೂತಿದ್ದ. ಆಮೇಲೆ ಬೇರೆ ಯಾರದೋ ಸಂಗತಿ ಹೇಳುವವನ ಹಾಗೆ ಹೇಳಿದ: “ಕೈ ಸೊಟ್ಟ ಆದ್ರೆ ನಂಗೆ ಪೂಜೆ ಇಲ್ಲ ಮಾರಾಯ. ಅಂಗ ಊನ ಇದ್ದವ ಗರ್ಭಗುಡಿಯ ಒಳಗೆ ದೇವರನ್ನು ಮುಟ್ಟುವ ಹಾಗಿಲ್ಲ. ಅಪ್ಪನ ನಂತರ ನಾನು ಅಂತ ಉಂಟಲ್ಲ, ಅದು ಹೋಯ್ತು.”

“ಹಾಗಾದ್ರೆ ಮನೆಯಲ್ಲಿ ಹೇಳು.”

“ಹೇಳಿದ್ರೆ ಶಾಲೆ ಬಿಡಿಸ್ತಾರೆ. ಎಂತದೂ ಬೇಡ. ನಾನು ಕೆಳಗೆ ನಿಲ್ಲುವವ ಅಲ್ವಾ, ಬಾರು ಹಿಡಿಲಿಕ್ಕೆ ಇಲ್ಲ. ಹಾಗೇ ವಾಸಿ ಆಗ್ತದೆ. ಈಗ ನಿನ್ನದು ನೋಡುವ.”

ನನ್ನದು ಎಂದರೆ ಹತ್ತು ದಿನದ ರಜೆ. ಮಣಿಕಟ್ಟಿನ ಸಂಗತಿ ಹೇಳಿದರೆ ಚೆಂಬು ಗ್ಯಾರಂಟಿ. ಜ್ವರ ಎಂದರೆ ಮಾಸ್ಟ್ರು ಮನೆಗೆ ಬಂದು ಹಣೆ ಮುಟ್ಟಿ ನೋಡುತ್ತಾರೆ. ಆಗ ಅವನಿಗೆ ಹೊಳೆದದ್ದು ಸೂತಕ. ಮನೆಯಲ್ಲಿ ಸಾವಾದರೆ ಸೂತಕ. ಸೂತಕದಲ್ಲಿ ಹನುಮಂತನ ಪಟವಿರುವ ಶಾಲೆಯೊಳಗೆ ಕಾಲಿಡುವ ಹಾಗಿಲ್ಲ. ಬಾ ಎಂದು ಮಾಸ್ಟ್ರೂ ಹೇಳುವ ಹಾಗಿಲ್ಲ. ಅರ್ಚಕರ ಮಗನಾದ್ದರಿಂದ ಸೂತಕದ ಲೆಕ್ಕ ಅವನಿಗೆ ಮಗ್ಗಿಯ ಹಾಗೆ ಬಾಯಿಪಾಠ. ಬೇರೆಯವರ ಮನೆಯ ಸಾವಿಗೆ ದಿನ ಹೇಳುವುದನ್ನು ಚಿಕ್ಕಂದಿನಿಂದ ಕೇಳುತ್ತಾ ಬೆಳೆದವನು.

“ಎಷ್ಟು ದಿನ ಬೇಕು ಹೇಳು,” ಎಂದ. “ಅಷ್ಟಕ್ಕೆ ಸರಿಯಾದ ಸಾವು ಹುಡುಕಿ ಕೊಡ್ತೇನೆ.”

“ಹತ್ತು. ನನ್ನ ಮಾವ ಆಗಬಹುದಾ? ಅಮ್ಮನ ತಮ್ಮ?”

“ಛೆ, ಮಾವ ಸತ್ತರೆ ಮೂರೇ ದಿನ, ಸಾಲದು. ಅಪ್ಪನ ಅಣ್ಣ ಇದ್ದಾರಾ?”

“ಸುರತ್ಕಲ್ಲಿನಲ್ಲಿ ಇದ್ದಾರೆ, ದೊಡ್ಡಪ್ಪ.”

“ಸರಿ, ಅವರೇ ಸಾಯಲಿ. ಪೂರ್ತಿ ಹತ್ತು ದಿನ.”

ನಾವಿಬ್ಬರೂ ನಕ್ಕೆವು. ಅಷ್ಟು ವಿದ್ಯೆ ಇದ್ದೂ ಅವನಿಗೆ ಅದರಿಂದ ಉಪಯೋಗವಿರಲಿಲ್ಲ. ಅರ್ಚಕರ ಮನೆಯಲ್ಲಿ ಸೂತಕ ಎಂದರೆ ದೇವಸ್ಥಾನದ ಪೂಜೆಗೇ ಬೇರೆ ಜನ ನೋಡಬೇಕು, ಊರಿಗೆಲ್ಲ ಗೊತ್ತಾಗುತ್ತದೆ. ಸುಳ್ಳು ಸಾವು ನನ್ನಂಥವರ ಮನೆಗೆ ಮಾತ್ರ ಬರಬಹುದಿತ್ತು.

ಸೋಮವಾರ ಸಂಜೆ ನಾನು ಶಾಲೆಯ ಹೊರಗೆ ಅಂಗಳದಲ್ಲೇ ನಿಂತು, ತಲೆ ತಗ್ಗಿಸಿ, ದೊಡ್ಡಪ್ಪ ತೀರಿಹೋದರು ಎಂದೆ. ಮಾಸ್ಟ್ರು ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

“ನಿನ್ನ ಅಪ್ಪನ ಅಣ್ಣನಾ?”

“ಹೌದು ಮಾಸ್ಟ್ರೇ. ಹತ್ತು ದಿನ ಸೂತಕ.”

“ಹಾಗೋ. ಆಗಲಿ, ಹೋಗು” ಎಂದರು. ಅಷ್ಟೇ. ಇಷ್ಟು ಸುಲಭದಲ್ಲಿ ಸುಳ್ಳು ನಡೆದುಹೋದದ್ದಕ್ಕೆ ನನಗೇ ನಂಬಿಕೆ ಬರಲಿಲ್ಲ. ಮನೆಗೆ ಓಡಿಕೊಂಡೇ ಬಂದೆ.

ಆ ಹತ್ತು ದಿನ ನಾನು ಪಟ್ಟ ಪಾಡು ಹೇಳಿ ಸುಖವಿಲ್ಲ. ಶಾಲೆಗೆ ಹೋಗುವ ಹೊತ್ತಿಗೆ ಮನೆಯಿಂದ ಹೊರಡಬೇಕು, ಇಲ್ಲವಾದರೆ ಅಮ್ಮ ಯಾಕೆ ಹೋಗಲಿಲ್ಲ ಎಂದು ಕೇಳುತ್ತಾಳೆ; ಹೊರಟವನು ಶಾಲೆಯವರ ಕಣ್ಣಿಗೆ ಬೀಳಬಾರದು. ಸಂಜೆಯೆಲ್ಲ ಉರ್ವದ ಮಾರ್ಕೆಟಿನ ಹಿಂದಿನ ಓಣಿಗಳಲ್ಲಿ ಅಡ್ಡಾಡಿ ಕಾಲ ಕಳೆದೆ. ಆರನೆಯ ದಿನ ಮನೆಗೆ ಬಂದರೆ, ಸತ್ತ ದೊಡ್ಡಪ್ಪ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಪೇಟೆಯಲ್ಲಿ ಏನೋ ಕೆಲಸವಿತ್ತಂತೆ.

“ನೀನು ದೊಡ್ಡ ಕಸರತ್ತಿನವ ಆಗಿದ್ದಿ ಅಂತಾರಲ್ಲ,” ಎಂದರು. “ನಾಳೆ ನಿನ್ನ ಶಾಲೆಗೆ ಕರ್ಕೊಂಡು ಹೋಗು. ನಾನೂ ನೋಡ್ತೇನೆ.”

ಮರುದಿನ ಹೊಟ್ಟೆನೋವೆಂದು ಹಾಸಿಗೆ ಹಿಡಿದೆ. ದೊಡ್ಡಪ್ಪ ಒಬ್ಬರೇ ಹೋಗುತ್ತೇನೆಂದು ಕೋಲು ಹಿಡಿದು ಎದ್ದರು. ನಾನು ಹೊಟ್ಟೆ ಹಿಡಿದು ಇನ್ನೂ ಜೋರಾಗಿ ಕಿರುಚಿದೆ; ಪಾಪ, ಅವರು ಕೋಲು ಕೆಳಗಿಟ್ಟು ನನ್ನ ಪಕ್ಕ ಕೂತು ಬೆನ್ನು ಸವರಿದರು. ಬದುಕಿರುವವರನ್ನು ಸಾಯಿಸಿದ ಪಾಪ ಅಂದು ನನ್ನ ಬೆನ್ನಿನ ಮೇಲೇ ಕೈಯಾಡಿಸುತ್ತಿತ್ತು. ಸಂಜೆ ಅವರು ಸುರತ್ಕಲ್ಲಿಗೆ ಹೊರಟಮೇಲೆ ನನಗೆ ಹಸಿವಾಯಿತು.

ಆದರೆ ಇದೆಲ್ಲ ನನ್ನ ತಮಾಷೆಯ ಸಂಕಟ. ನಿಜವಾದದ್ದು ಎಂಟನೆಯ ದಿನ ಗೊತ್ತಾಯಿತು. ಶಾಲೆಯ ಇನ್ನೊಬ್ಬ ಹುಡುಗ ಓಣಿಯಲ್ಲಿ ಸಿಕ್ಕಿ, ಸಿಂಗಲ್ ಬಾರಿಗೆ ಮಾಸ್ಟ್ರು ಅರ್ಚಕರ ಮಗನನ್ನು ಹಾಕಿದ್ದಾರೆ, ದಿನಾ ದೊಡ್ಡ ಸುತ್ತು ಮಾಡಿಸುತ್ತಿದ್ದಾರೆ ಎಂದ.

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ನಾನು ಜಾಗ ಬಿಟ್ಟರೆ ಆ ಜಾಗಕ್ಕೆ ಎರಡನೆಯವನು ಬರುತ್ತಾನೆಂಬ ಸೀದಾ ಲೆಕ್ಕ ನಮ್ಮಿಬ್ಬರಿಗೂ ದೋಣಿಯಲ್ಲಿ ಹೊಳೆದಿರಲಿಲ್ಲ. ಸತ್ತವರ ದಿನ ಲೆಕ್ಕ ಹಾಕಿದೆವು, ಬದುಕಿದವರದ್ದು ಹಾಕಲಿಲ್ಲ. ನನ್ನ ಮಣಿಕಟ್ಟಿಗೆ ವಿಶ್ರಾಂತಿ ಸಿಗಲೆಂದು ನಾನು ಹೇಳಿದ ಸುಳ್ಳು ಅವನ ಮೊಣಕೈಯನ್ನು ಬಾರಿಗೆ ನೇತುಹಾಕಿತ್ತು.

ಅಂದೇ ಅವನನ್ನು ದೇವಸ್ಥಾನದ ಕೆರೆಯ ಹತ್ತಿರ ಹಿಡಿದೆ. ಅವನು ಎಡಗೈಯಲ್ಲಿ ಕೊಡಪಾನ ತುಂಬುತ್ತಿದ್ದ.

“ನಿಂಗೆ ಮಂಡೆ ಸರಿ ಉಂಟಾ? ಅಜ್ಜ ಎಂತ ಹೇಳಿದ್ರು ಮರೆತೆಯಾ?”

“ಮರೀಲಿಲ್ಲ. ನೋವು ಕಡಿಮೆ ಆಗಿದೆ.”

“ಕೈ ಚಾಚು, ನೋಡ್ತೇನೆ.”

ಅವನು ಚಾಚಲಿಲ್ಲ. “ಮಾಸ್ಟ್ರು ಹೇಳುವಾಗ ಎಂತ ಹೇಳ್ಲಿ ನಾನು?” ಎಂದ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ಹಿಂದೆ ನೋಡಿರದ ಏನೋ ಇತ್ತು. “ನೀನು ಎರಡು ವರ್ಷ ಸುತ್ತು ಹಾಕಿದ್ದಿ. ನಾನು ಎರಡು ವರ್ಷ ಕೆಳಗೆ ನಿಂತು ಮೇಲೆ ನೋಡಿದ್ದೇನೆ. ಒಂದು ಸಲ, ಒಂದೇ ಒಂದು ಸಲ ನಾನು ಮೇಲೆ ಇರ್ತೇನೆ. ಮತ್ತೆ ತಿಂಗಳು ಕಟ್ಟಿ ಇಡ್ತೇನೆ. ನೀನು ಹೇಳ್ಬೇಡ. ಹೇಳಿದ್ರೆ ನಿನ್ನ ದೊಡ್ಡಪ್ಪನ ಕಥೆ ನಾನೂ ಹೇಳ್ತೇನೆ.”

ಅವನ ಬಾಯಲ್ಲಿ ಬೆದರಿಕೆ ಬಂದದ್ದು ಅದೇ ಮೊದಲು. ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ ಆ ಸಿಟ್ಟಿನಲ್ಲಿ ಅವನ ಕೈಯ ಚಿಂತೆ ಎಷ್ಟಿತ್ತು, ನನ್ನ ಜಾಗ ಹೋಯಿತೆಂಬ ಉರಿ ಎಷ್ಟಿತ್ತು ಎಂದು ಬೇರೆಮಾಡಲು ಬರುವುದಿಲ್ಲ. ಹೊಟ್ಟೆಕಿಚ್ಚು ಇತ್ತು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರೆಹಕ್ಕೆ ಅರ್ಥವಿಲ್ಲ.

ಹನ್ನೊಂದನೆಯ ದಿನ ಸ್ನಾನ ಮಾಡಿ ಹಣೆಗೆ ಗಂಧ ಇಟ್ಟು ಶಾಲೆಗೆ ಹೋದೆ. ಜಾಗ ನಾನು ವಾಪಸು ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ, ಯಾರೂ ಯಾರ ಗುಟ್ಟನ್ನೂ ಹೇಳಬೇಕಾಗಿಲ್ಲ ಎಂದು ನನ್ನ ಲೆಕ್ಕ. ಮಾಸ್ಟ್ರು ಏನೂ ಹೇಳದೆ ಬಾರು ತೋರಿಸಿದರು. ನೆಗೆದು ಹಿಡಿದೆ. ಮೊದಲ ಜೋಲಿ ಸರಿಹೋಯಿತು. ಎರಡನೆಯದಕ್ಕೆ ಮೈ ಮೇಲೇರುವಾಗ ಎಡಗೈಯ ಹಿಡಿತ ತಾನಾಗಿ ಬಿಟ್ಟಿತು. ಬೆರಳಿಗೆ ನನ್ನ ಮಾತೇ ಕೇಳಿಸಲಿಲ್ಲ. ಹೊಯಿಗೆಯಲ್ಲಿ ಬೆನ್ನಡಿಯಾಗಿ ಬಿದ್ದೆ.

“ಸೂತಕದಲ್ಲಿ ಅಭ್ಯಾಸ ತಪ್ಪಿತು ಅಲ್ವಾ” ಎಂದರು ಮಾಸ್ಟ್ರು. “ಇನ್ನು ನೀನು ಕೆಳಗೆ ನಿಲ್ಲು. ಅವನನ್ನು ಹಿಡಿ.”

ಹತ್ತು ದಿನ ನಾನು ಕೆಳಗೆ ನಿಂತೆ. ಕೆಳಗಿನಿಂದ ನೋಡಿದರೆ ಎಲ್ಲ ಕಾಣುತ್ತದೆ. ಅವನು ಬಾರು ಹಿಡಿಯುವ ಮೊದಲು ಬಲಗೈಯನ್ನು ಎಡಗೈಯಿಂದ ಒಮ್ಮೆ ಒತ್ತಿಕೊಳ್ಳುತ್ತಿದ್ದ. ಸುತ್ತಿನ ಕೆಳಗಿನ ಭಾಗದಲ್ಲಿ ಮೈಯ ಭಾರವೆಲ್ಲ ಕೈಗೆ ಬೀಳುವಾಗ ಅವನ ಕೆಳತುಟಿ ಹಲ್ಲಿನ ನಡುವೆ ಹೋಗುತ್ತಿತ್ತು. ಇಳಿದ ಮೇಲೆ ಪಟದ ಎದುರು ತುಂಬ ಹೊತ್ತು ಸಾಷ್ಟಾಂಗ ಬಿದ್ದಿರುತ್ತಿದ್ದ. ನಾನು ದಿನಾ ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ.

ಪಂದ್ಯದ ದಿನ ಬಂತು. ಒಂದು ಹೈಸ್ಕೂಲಿನ ಮೈದಾನದಲ್ಲಿ ಚಪ್ಪರ ಹಾಕಿದ್ದರು. ಜನವೋ ಜನ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಊರಿನ ದೊಡ್ಡವರು. ಅವರ ನಡುವೆ, ಕುರ್ಚಿಯ ತುದಿಯಲ್ಲಿ ಸಂಕೋಚದಿಂದ ಕೂತಿದ್ದರು ಗೆಳೆಯನ ಅಪ್ಪ, ಮಡಿ ಪಂಚೆ, ಹೊದ್ದ ಶಾಲು. ಮಗ ಏನೋ ಆಸನ ಹಾಕುತ್ತಾನೆ ಎಂದು ಯಾರೋ ಹೇಳಿ ಕರೆತಂದಿದ್ದರಂತೆ.

ಸಿಂಗಲ್ ಬಾರಿಗೆ ಕರೆಯಲು ಎರಡು ಶಾಲೆಗಳು ಬಾಕಿ ಇದ್ದವು. ಗೆಳೆಯ ಚಪ್ಪರದ ಕಂಬಕ್ಕೆ ಒರಗಿ, ಬಲಗೈಯನ್ನು ಹೊಟ್ಟೆಗೆ ಒತ್ತಿ ನಿಂತಿದ್ದ. ಅಜ್ಜನ ಜಗಲಿಯಲ್ಲಿ ಕಂಡ ಹಾಗೆಯೇ. ನನಗೆ ತಡೆಯಲಾಗಲಿಲ್ಲ. ನನಗೇನಾದರೂ ಆಗಲಿ ಎಂದು ಮಾಸ್ಟ್ರನ್ನು ಪಕ್ಕಕ್ಕೆ ಎಳೆದೆ.

“ಮಾಸ್ಟ್ರೇ, ಅವನನ್ನು ಬಿಡ್ಬೇಡಿ. ಅವನ ಬಲ ಮೊಣಕೈಯ ಎಲುಬು ಬಿಟ್ಟಿದೆ. ಉಳ್ಳಾಲದ ಅಜ್ಜ ನೋಡಿದ್ದಾರೆ. ಇನ್ನೊಂದು ಸಲ ಎಳೆದರೆ ಸೊಟ್ಟ ಆಗ್ತದಂತೆ.”

“ಗೊತ್ತುಂಟು” ಎಂದರು ಮಾಸ್ಟ್ರು.

ನಾನು ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಅವರ ಮುಖ ನೋಡಿದೆ. ಅವರು ಬಾರನ್ನು ನೋಡುತ್ತಿದ್ದರು.

“ನಾನು ಸುಳ್ಳು ಹೇಳಿದ್ದು,” ಎಂದೆ. “ನಂಗೆ ಸೂತಕ ಇರ್ಲಿಲ್ಲ. ದೊಡ್ಡಪ್ಪ ಸತ್ತಿಲ್ಲ. ನನ್ನ ಮಣಿಕಟ್ಟು...”

“ಅದೂ ಗೊತ್ತುಂಟು.” ಅವರು ನನ್ನ ಕಡೆ ತಿರುಗಿದರು. ಕೋಪ ಇರಲಿಲ್ಲ. “ನಾವು ಅಳಿಯಸಂತಾನದವರು ಅಲ್ವಾ ಮಾರಾಯ? ನೀನು ನಿನ್ನ ಅಮ್ಮನ ಕುಟುಂಬದವ. ಅಪ್ಪನ ಅಣ್ಣ ಅವರ ಅಮ್ಮನ ಕುಟುಂಬದವರು. ಅವರು ಸತ್ತರೆ ನಿನಗೆ ಹತ್ತು ದಿನ ಸೂತಕ ಎಲ್ಲಿಂದ ಬರ್ತದೆ? ಮಾವ ಸತ್ತ ಅಂತ ಹೇಳಿದ್ದರೆ ನಾನು ನಂಬ್ತಿದ್ದೆನೋ ಏನೋ. ಲೆಕ್ಕ ಹೇಳಿ ಕೊಟ್ಟದ್ದು ಅರ್ಚಕರ ಮಗ ಅಂತ ಅಲ್ಲೇ ಗೊತ್ತಾಯ್ತು.”

ನಿಜ. ನಮ್ಮ ಮನೆಯಲ್ಲಿ ನನಗೆ ಬುದ್ಧಿ ಬಂದ ಮೇಲೆ ಸಾವಾಗಿರಲಿಲ್ಲ. ಅವನು ತನ್ನ ಮನೆಯ, ಅಪ್ಪನಿಂದ ಮಗನಿಗೆ ಬರುವ ಲೆಕ್ಕವನ್ನು ನನ್ನ ಮೇಲೆ ಹೊರಿಸಿದ್ದ, ನಾನು ಹೊತ್ತುಕೊಂಡಿದ್ದೆ. ಬೇಡವೆಂದು ನಾವು ಕೈಬಿಟ್ಟ ಮಾವನೇ ನನಗೆ ಸರಿಯಾದ ಸಾವು. ಇನ್ನೊಂದು ಹೊತ್ತಿನಲ್ಲಾದರೆ ನಗು ಬರುತ್ತಿತ್ತು.

“ಗೊತ್ತಿದ್ದೂ ಅವನನ್ನು ಹತ್ತಿಸಿದ್ರಾ?”

“ಇಲ್ಲಿ ನೋವಿಲ್ಲದವ ಯಾರಿದ್ದಾನೆ ಹೇಳು. ನೋಡು.” ಮಾಸ್ಟ್ರು ತಮ್ಮ ಎಡಗೈ ಎತ್ತಿದರು. ಅದು ಭುಜದ ಎತ್ತರಕ್ಕೆ ಬಂದು ನಿಂತಿತು, ಮೇಲಕ್ಕೆ ಹೋಗಲಿಲ್ಲ. ನಾಲ್ಕು ವರ್ಷ ಅವರ ಜೊತೆಗಿದ್ದೆ, ನನಗೆ ಅದೂ ಕಂಡಿರಲಿಲ್ಲ. “ಇದರಿಂದ ನಾನು ಸತ್ತಿಲ್ಲ. ಮೂರು ನಿಮಿಷದ ಕೆಲಸ ಅವನಿಗೆ. ಮತ್ತೆ ಒಂದು ತಿಂಗಳು ಮಲಗಲಿ, ನಾನೇ ಅಜ್ಜನ ಹತ್ರ ಕರ್ಕೊಂಡು ಹೋಗ್ತೇನೆ. ಹೋಗು, ಕೆಳಗೆ ನಿಲ್ಲು. ಬಿದ್ದರೆ ಹಿಡಿ.”

ಸುಳ್ಳು ಸಿಕ್ಕಿಬಿದ್ದರೆ ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದೆ. ಹೇಳಿದೆ, ಏನೂ ಆಗಲಿಲ್ಲ. ದೊಡ್ಡವರಿಗೆ ತಿಳಿಸಿದರೆ ಸಾಕು, ಅವರು ನಿಲ್ಲಿಸುತ್ತಾರೆ ಎಂಬ ಒಂದು ಧೈರ್ಯದ ಮೇಲೆ ಇಷ್ಟು ದಿನ ನನ್ನ ಸಂಕಟವೆಲ್ಲ ನಿಂತಿತ್ತು. ಅವರಿಗೆ ಮೊದಲಿಂದಲೂ ತಿಳಿದಿತ್ತು.

ಇನ್ನೂ ಒಂದು ದಾರಿ ಇತ್ತು. ಗೆಳೆಯನ ಅಪ್ಪ ಕೂತಿದ್ದ ಕುರ್ಚಿಗೆ ನಾನು ನಿಂತ ಜಾಗದಿಂದ ಹದಿನೈದು ಹೆಜ್ಜೆ. ಹೋಗಿ ಒಂದು ಮಾತು ಕಿವಿಯಲ್ಲಿ ಹೇಳಿದ್ದರೆ ಅವರು ಎದ್ದು ಬಂದು ಮಗನನ್ನು ಎಳೆದುಕೊಂಡು ಹೋಗುತ್ತಿದ್ದರು, ಶೀಲ್ಡಿಗೆ ಬೆಂಕಿ ಬೀಳಲಿ ಎನ್ನುತ್ತಿದ್ದರು. ನಾನು ಎರಡು ಹೆಜ್ಜೆ ಆ ಕಡೆ ಇಟ್ಟೆ ಕೂಡ. ಅಷ್ಟರಲ್ಲಿ ನಮ್ಮ ಶಾಲೆಯ ಹೆಸರು ಕರೆದರು, ಮಾಸ್ಟ್ರು ನನ್ನತ್ತ ನೋಡಿದರು, ನನ್ನ ಕಾಲು ಬಾರಿನ ಕಡೆಗೆ ತಿರುಗಿತು. ಮಾಸ್ಟ್ರು ಹೇಳಿದ್ದನ್ನು ಮಾಡಿ ಮಾಡಿ ಅಭ್ಯಾಸವಾದ ಕಾಲು ಅದು. ಅವರನ್ನು ದೂರುವುದು ಸುಲಭ, ಆದರೆ ಆ ಹದಿಮೂರು ಹೆಜ್ಜೆಗಳು ನನ್ನವೇ.

ಅವನು ಬಂದ. ನನ್ನ ಮುಖ ನೋಡಿ ನಕ್ಕ. ಬಲಗೈಯನ್ನು ಒತ್ತಿಕೊಂಡು, ನೆಗೆದು ಬಾರು ಹಿಡಿದ.

ಜೋಲಿ, ಏರು, ಬಾರಿನ ಮೇಲೆ ಹೊಟ್ಟೆ, ಕಾಲು ದಾಟಿಸಿ ಕೂರುವುದು, ಹಿಂದಕ್ಕೆ ಇಳಿಯುವುದು, ಎಲ್ಲ ಒಂದರ ಹಿಂದೆ ಒಂದು ಬಂತು. ಅಷ್ಟು ಚಂದ ಅವನು ಯಾವತ್ತೂ ಮಾಡಿರಲಿಲ್ಲ. ಜನ ಮಾತು ನಿಲ್ಲಿಸಿದರು. ನಾನು ಎರಡೂ ಕೈ ಎತ್ತಿ ಅವನ ಕೆಳಗೆ ಅತ್ತಿತ್ತ ಸರಿಯುತ್ತಿದ್ದೆ. ಈ ಮಣಿಕಟ್ಟಿನಿಂದ ಅವನನ್ನು ಹಿಡಿಯಲು ಆಗದು ಎಂದು ನನಗೆ ಗೊತ್ತಿತ್ತು; ಬಿದ್ದರೆ ಅವನ ಕೆಳಗೆ ನಾನೇ ಬೀಳುವುದೆಂದು ನಿಶ್ಚಯಿಸಿದ್ದೆ.

ದೊಡ್ಡ ಸುತ್ತಿಗೆ ಅವನು ಬಾರಿನ ಮೇಲೆ ಕೈಯ ಮೇಲೆ ನಿಂತ. ಒಂದು ಗಳಿಗೆ ಅವನು ಪೂರ್ತಿ ಮೇಲಿದ್ದ, ಕಾಲು ಆಕಾಶಕ್ಕೆ. ಆಮೇಲೆ ಬೀಸಿ ಕೆಳಗೆ ಬಂದ. ಮೊದಲ ಸುತ್ತು ಆಯಿತು. ಎರಡನೆಯದರಲ್ಲಿ, ಅವನು ನನ್ನ ತಲೆಯ ಮೇಲೆ ಹಾದುಹೋಗುವಾಗ, ಹಸಿ ಕೊಂಬೆ ಬಾಗಿದಂಥ ಸಣ್ಣ ಸದ್ದೊಂದು ಕೇಳಿಸಿತು. ಜನಕ್ಕೆ ಕೇಳಿರಲಾರದು. ಅವನ ಹಿಡಿತ ಬಿಡಲಿಲ್ಲ. ಸುತ್ತು ಮುಗಿಸಿದ, ಬಾರು ಬಿಟ್ಟ, ಹೊಯಿಗೆಯಲ್ಲಿ ಎರಡು ಕಾಲಿನ ಮೇಲೆ ಕದಲದೆ ನಿಂತ.

ಚಪ್ಪರವೇ ಎದ್ದು ನಿಂತಿತು. ನಾನು ಅವನ ಹತ್ತಿರ ಹೋದೆ. ಅವನ ಮುಖ ಸುಣ್ಣ ಬಳಿದ ಹಾಗಿತ್ತು.

“ಹೋಯ್ತು ಮಾರಾಯ,” ಎಂದ, ನನಗೆ ಮಾತ್ರ ಕೇಳುವ ಹಾಗೆ. ಇನ್ನೂ ನಗುತ್ತಿದ್ದ.

ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಾಸ್ಟ್ರು ಮಾತಿಗೆ ತಪ್ಪದೆ ಅವನನ್ನು ಉಳ್ಳಾಲಕ್ಕೆ ಕರೆದೊಯ್ದರು. ಅಜ್ಜ ಮುಟ್ಟಿ ನೋಡಿ ತಲೆಯಾಡಿಸಿದರು. ದೇವಸ್ಥಾನದ ಪೂಜೆ ಅವನ ತಮ್ಮನಿಗೆ ಹೋಯಿತು. ಅವನು ಒಂದು ಆಫೀಸಿನಲ್ಲಿ ಗುಮಾಸ್ತನಾದ. ದೇವಸ್ಥಾನಕ್ಕೆ ಬಂದರೆ ನಮ್ಮೆಲ್ಲರ ಹಾಗೆ ಹೊರಗೆ ನಿಂತು ತೀರ್ಥ ತೆಗೆದುಕೊಳ್ಳುತ್ತಿದ್ದ. ನನ್ನನ್ನು ಅವನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಪಂದ್ಯದ ಸಂಜೆ ಶೀಲ್ಡು ನಮಗೇ ಬಂತು. ತೆಗೆದುಕೊಳ್ಳಲು ಮಾಸ್ಟ್ರು ಅವನನ್ನೇ ಕಳಿಸಿದರು; ಅಂದು ಅವನಲ್ಲದೆ ಇನ್ಯಾರು. ವೇದಿಕೆಯ ಮೇಲೆ ಊರಿನ ಹಿರಿಯ ವಕೀಲರೊಬ್ಬರು ಅದನ್ನು ಹಿಡಿದು ನಿಂತಿದ್ದರು. ಅವನು ಮೊದಲು ಎಡಗೈ ಚಾಚಿದ. ಕೊಡುವವರ ಹುಬ್ಬು ಗಂಟಿಕ್ಕಿತು, ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಎಡಗೈಯಲ್ಲಿ ಯಾರಾದರೂ ಬಹುಮಾನ ತೆಗೆದುಕೊಳ್ಳುತ್ತಾರೆಯೇ? “ಬಲಗೈ, ಬಲಗೈ” ಎಂದು ಮಾಸ್ಟ್ರು ಕೆಳಗಿನಿಂದ ಹಲ್ಲು ಕಚ್ಚಿ ಹೇಳಿದರು. ಅವನು ಬಲಗೈ ಎತ್ತಲು ನೋಡಿದ. ಅದು ಏಳಲಿಲ್ಲ. ಆಗ ಎಡ ಅಂಗೈಯನ್ನು ಬಲ ಮೊಣಕೈಯ ಕೆಳಗೆ ಕೊಟ್ಟು, ತಲೆ ಬಗ್ಗಿಸಿ, ತನ್ನ ಕೈಯನ್ನು ತಾನೇ ಮೆಲ್ಲಗೆ ಎತ್ತಿ ಮುಂದೆ ಹಿಡಿದ.

ದೊಡ್ಡವರಿಂದ ಏನಾದರೂ ತೆಗೆದುಕೊಳ್ಳುವಾಗ ಗೌರವಕ್ಕೆ ಬಲಗೈಗೆ ಎಡಗೈ ಆಸರೆ ಕೊಡುತ್ತಾರಲ್ಲ, ನೋಡಿದವರಿಗೆ ಥೇಟ್ ಹಾಗೆಯೇ ಕಂಡಿತು. ವಕೀಲರ ಮುಖ ಅರಳಿತು. ಶೀಲ್ಡನ್ನು ಆ ಮುಂಗೈಯ ಮೇಲೆ ಇಟ್ಟು ಜನರತ್ತ ತಿರುಗಿ, “ನೋಡಿ, ಎಷ್ಟು ವಿನಯ! ಇಷ್ಟು ಗೆದ್ದರೂ ತಲೆ ಹೇಗೆ ಬಗ್ಗಿದೆ ನೋಡಿ. ಅರ್ಚಕರ ಮಗನಂತೆ. ಇದಕ್ಕೆ ಮನೆಯ ಸಂಸ್ಕಾರ ಅಂತ ಹೇಳುವುದು” ಎಂದರು.

ಮತ್ತೆ ಚಪ್ಪಾಳೆ. ಭಾರಕ್ಕೆ ಅವನ ಕುತ್ತಿಗೆಯ ನರ ಉಬ್ಬಿದ್ದನ್ನು ನಾನು ಕಂಡೆ, ಮಾಸ್ಟ್ರು ಕಂಡರು. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಮುಂದಿನ ಸಾಲಿನಲ್ಲಿ ಅವನ ಅಪ್ಪ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡು, ಕುರ್ಚಿಯಿಂದ ಎದ್ದು ನಿಂತು, ಎಲ್ಲರೂ ನಿಲ್ಲಿಸಿದ ಮೇಲೂ ಚಪ್ಪಾಳೆ ತಟ್ಟುತ್ತಲೇ ಇದ್ದರು.